ಒಂದು ಯಂತ್ರ, ಮೂರು ಪರದೆ: ಕೊಬ್ಬರಿ ಮಂಡಿಯ ಲೆಕ್ಕಕ್ಕೆ ಟರ್ಮಿನಲ್ ಎಮ್ಯುಲೇಟರ್

ಬಿಳಿಗೆರೆ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಕೊಬ್ಬರಿ ವ್ಯಾಪಾರದಲ್ಲಿ ಲೆಕ್ಕವು ಒಂದೇ ಮೇಜಿನ ಮೇಲೆ ಮುಗಿಯುವುದಿಲ್ಲ. ಚೀಲ ಇಳಿಯುವಲ್ಲಿ ತೂಕ ಬರೆಯುವವರು ಒಬ್ಬರು, ಗಲ್ಲಾದ ಬಳಿ ರೈತರಿಗೆ ಹಣ ಪಾವತಿ ಮಾಡುವವರು ಮತ್ತೊಬ್ಬರು, ಖರೀದಿದಾರರಿಗೆ ಬಿಲ್ಲು ಮತ್ತು ಇ-ವೇ ಬಿಲ್ಲು ಸಿದ್ಧಪಡಿಸುವ ಗುಮಾಸ್ತರು ಇನ್ನೊಬ್ಬರು. ಮೂವರಿಗೂ ಬೇಕಾದುದು ಅದೇ ಲಾಟಿನ ಅದೇ ಲೆಕ್ಕ. ಮೂರು ಕಂಪ್ಯೂಟರ್ ಕೊಂಡು ಲ್ಯಾನ್ ತಂತಿಯಿಂದ ಜೋಡಿಸಿದ ಮಾತ್ರಕ್ಕೆ ಈ ಲೆಕ್ಕ ಒಂದಾಗುವುದಿಲ್ಲ. ಪ್ರೋಗ್ರಾಂ ಯಾವ ಯಂತ್ರದಲ್ಲಿ ನಡೆಯಬೇಕು ಎಂಬುದನ್ನು ಮೊದಲು ತೀರ್ಮಾನಿಸಬೇಕಾಗುತ್ತದೆ.

ಡಾಸ್ ಕಾಲದ ಫಾಕ್ಸ್‌ಪ್ರೊ ಪ್ರೋಗ್ರಾಂಗಳನ್ನು ಇಂದಿಗೂ ಬಳಸುವ ಅಂಗಡಿಗಳಿಗೆ ಈ ಪ್ರಶ್ನೆ ವಿಶೇಷವಾಗಿ ಅನ್ವಯಿಸುತ್ತದೆ. ಸಾಮಾನ್ಯ ಏರ್ಪಾಟಿನಲ್ಲಿ ಕಡತಗಳು ಒಂದು ಯಂತ್ರದಲ್ಲಿರುತ್ತವೆ. ಪ್ರೋಗ್ರಾಂ ಮಾತ್ರ ಪ್ರತಿ ಮೇಜಿನ ಕಂಪ್ಯೂಟರಿನಲ್ಲಿ ಬೇರೆ ಬೇರೆಯಾಗಿ ನಡೆದು, ತಂತಿಯ ಮೂಲಕ ಆ ಕಡತವನ್ನು ತಿದ್ದುತ್ತದೆ. ತೂಕದ ಮೇಜಿನವರು ಬರೆಯುತ್ತಿರುವ ಕ್ಷಣದಲ್ಲಿಯೇ ಕರೆಂಟು ಹೋದರೆ ಕಡತವು ಅರ್ಧ ಬರೆದ ಸ್ಥಿತಿಯಲ್ಲಿ ಉಳಿಯುತ್ತದೆ, ಇಂಡೆಕ್ಸ್ ಕೆಡುತ್ತದೆ. ಹರಾಜಿನ ದಿನ ರೈತರು ಸಾಲಾಗಿ ನಿಂತಿರುವಾಗ ಇಂಡೆಕ್ಸ್ ಮರುಜೋಡಿಸುತ್ತ ಕೂರುವುದು ಎಂತಹ ಪಾಡು ಎಂಬುದನ್ನು ವರ್ತಕರಿಗೆ ವಿವರಿಸಬೇಕಾಗಿಲ್ಲ.

ಇನ್ನೊಂದು ಮಾರ್ಗದಲ್ಲಿ ಪ್ರೋಗ್ರಾಂ ಮತ್ತು ಕಡತ ಎರಡೂ ಒಂದೇ ಮೂಲಯಂತ್ರದಲ್ಲಿರುತ್ತವೆ. ಉಳಿದ ಮೇಜುಗಳಿಂದ ಒತ್ತಿದ ಕೀಲಿಗಳು ಮಾತ್ರ ಅಲ್ಲಿಗೆ ಹೋಗುತ್ತವೆ, ಅಕ್ಷರಗಳು ಮಾತ್ರ ಹಿಂದಿರುಗುತ್ತವೆ. ಹಿಂದೆ ಈ ಕೆಲಸಕ್ಕೆ ಪರದೆ ಮತ್ತು ಕೀಲಿಮಣೆ ಮಾತ್ರವುಳ್ಳ ಟರ್ಮಿನಲ್‌ಗಳಿದ್ದವು. ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ 1978ರಲ್ಲಿ ಹೊರತಂದ ವಿ.ಟಿ.100 ಅವುಗಳಿಗೆ ಮಾದರಿಯಾಯಿತು. ಸಾಮಾನ್ಯ ಕಂಪ್ಯೂಟರನ್ನೇ ಅಂತಹ ಟರ್ಮಿನಲ್ಲಿನಂತೆ ವರ್ತಿಸುವಂತೆ ಮಾಡುವ ತಂತ್ರಾಂಶವೇ ಟರ್ಮಿನಲ್ ಎಮ್ಯುಲೇಟರ್.

ಇದರ ಮಿತವ್ಯಯವನ್ನು ಅಂಕಿಗಳಲ್ಲಿಯೇ ನೋಡಬಹುದು. ಪೂರ್ಣ ಪರದೆಯೆಂದರೆ 24 ಸಾಲು, ಸಾಲಿಗೆ 80 ಅಕ್ಷರ, ಒಟ್ಟು 1,920 ಅಕ್ಷರ. ಹಳೆಯ 9,600 ವೇಗದ ಸೀರಿಯಲ್ ತಂತಿಯಲ್ಲಿ ಇದಕ್ಕೆ ಸುಮಾರು 2 ಸೆಕೆಂಡು ಬೇಕಾಗುತ್ತಿತ್ತು. ಇಂದಿನ ಲ್ಯಾನ್‌ನಲ್ಲಿ ಕಣ್ಣಿಗೆ ಕಾಣುವಷ್ಟು ಹೊತ್ತೂ ಹಿಡಿಯುವುದಿಲ್ಲ. ಹೀಗಾಗಿ ಮೂಲೆ ಸೇರಿದ ಹಳೆಯ ಕಂಪ್ಯೂಟರ್ ಕೂಡ ತೂಕದ ಮೇಜಿಗೆ ಸಾಕು. ಹಣ ಹಾಕಬೇಕಾದುದು ಮೂಲಯಂತ್ರಕ್ಕೆ, ಅದರ ಯು.ಪಿ.ಎಸ್.ಗೆ ಮತ್ತು ಸ್ವಿಚ್ಚಿಗೆ. ತಾಮ್ರದ ಲ್ಯಾನ್ ತಂತಿಯ ಮಿತಿ 100 ಮೀಟರ್. ಅಂಗಡಿಯಿಂದ ದೂರದ ಗೋದಾಮಿಗೆ ಬಯಲಿನಲ್ಲಿ ತಂತಿ ಎಳೆಯುವುದಾದರೆ, ಮುಂಗಾರು ಪೂರ್ವದ ಸಿಡಿಲಿನ ದೃಷ್ಟಿಯಿಂದ ಆಪ್ಟಿಕಲ್ ಫೈಬರ್ ಹಾಕಿಸುವುದೇ ಲೇಸು.

ಸಂಪರ್ಕಕ್ಕೆ ಟೆಲ್‌ನೆಟ್ ಬಳಸುವ ರೂಢಿಯನ್ನು ಮಾತ್ರ ಬಿಡತಕ್ಕದ್ದು. ಅದರಲ್ಲಿ ಗುಪ್ತಪದವು ಬರೆದಂತೆಯೇ ತಂತಿಯ ಮೇಲೆ ಸಾಗುತ್ತದೆ. ಅಂಗಡಿಯ ವೈ-ಫೈ ಗುಪ್ತಪದ ಬಂದವರಿಗೆಲ್ಲ ತಿಳಿದಿರುವಲ್ಲಿ, ಬಲ್ಲವರು ಅದನ್ನು ಓದಬಲ್ಲರು. ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಇಂತಹುದೇ ಕಳವು ನಡೆದ ನಂತರ 1995ರಲ್ಲಿ ತಾತು ಯೂಲೋನೆನ್ ಅವರು ಎಸ್.ಎಸ್.ಎಚ್. ಎಂಬ ಗೂಢಲಿಪಿಯ ಸಂಪರ್ಕ ವಿಧಾನವನ್ನು ರೂಪಿಸಿದರು. ಇದನ್ನು ಬಳಸುವ ಪುಟ್ಟಿ ಎಂಬ ಎಮ್ಯುಲೇಟರ್ ಉಚಿತವಾಗಿ ದೊರೆಯುತ್ತದೆ. 2024ರ ಏಪ್ರಿಲ್‌ನಲ್ಲಿ ಅದರ ಒಂದು ಭದ್ರತಾ ದೋಷವನ್ನು ಸರಿಪಡಿಸಲಾಯಿತು, ಆದುದರಿಂದ 0.81 ಅಥವಾ ಅನಂತರದ ಆವೃತ್ತಿಯನ್ನೇ ಹಾಕಿಸಬೇಕು. ಯಾರದೋ ಪೆನ್‌ಡ್ರೈವಿನಲ್ಲಿರುವ ಹಳೆಯ ಪ್ರತಿ ಬೇಡ.

ಸಂಪರ್ಕ ಕಡಿದರೆ ಏನಾಗುತ್ತದೆ? ಏನೂ ಏರ್ಪಾಟು ಮಾಡದಿದ್ದರೆ ಮೂಲಯಂತ್ರವು ಆ ಮೇಜಿನ ಪ್ರೋಗ್ರಾಮನ್ನೂ ನಿಲ್ಲಿಸಿಬಿಡುತ್ತದೆ. ಲಿನಕ್ಸ್‌ನಲ್ಲಿ ಸ್ಕ್ರೀನ್ ಅಥವಾ ಟಿಮಕ್ಸ್ ಎಂಬ ಉಪಕರಣದೊಳಗೆ ಪ್ರೋಗ್ರಾಮನ್ನು ನಡೆಸಿದಲ್ಲಿ, ಮೇಜಿನ ಕಂಪ್ಯೂಟರ್ ಆರಿದರೂ ಕೆಲಸವು ಮೂಲಯಂತ್ರದಲ್ಲಿ ಹಾಗೆಯೇ ನಿಂತಿರುತ್ತದೆ. ಕರೆಂಟು ಬಂದ ಮೇಲೆ ಮತ್ತೆ ಒಳಹೊಕ್ಕರೆ ಅದೇ ಲಾಟು, ಅದೇ ಸಾಲು. ನಮ್ಮ ಕಡೆಯ ವಿದ್ಯುತ್ ಪರಿಸ್ಥಿತಿಗೆ ಇದೊಂದೇ ಗುಣ ಸಾಕೆನ್ನಬಹುದು.

ಮುದ್ರಣದ ತೊಡಕು

ಬಹುತೇಕ ಅಂಗಡಿಗಳು ಎಡವುವುದು ಇಲ್ಲಿ. ಪ್ರೋಗ್ರಾಂ ಮೂಲಯಂತ್ರದಲ್ಲಿದೆ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಗಲ್ಲಾದ ಮೇಜಿನಲ್ಲಿದೆ. ಪಟ್ಟಿಯನ್ನು ಅಲ್ಲಿಗೆ ತಲುಪಿಸುವ ಉಪಾಯವು ಹಳೆಯ ವಿ.ಟಿ. ಟರ್ಮಿನಲ್‌ಗಳ ಕಾಲದ್ದೇ. ಎಸ್ಕೇಪ್ ಸಂಕೇತ, ಎಡ ಚೌಕ ಆವರಣ, 5, ಸಣ್ಣ 'ಐ' ಅಕ್ಷರ ಇವನ್ನು ಕಳುಹಿಸಿದರೆ ಅಲ್ಲಿಂದ ಮುಂದಿನದೆಲ್ಲ ಪರದೆಯ ಬದಲು ಪ್ರಿಂಟರಿಗೆ ಹೋಗುತ್ತದೆ. 5ರ ಜಾಗದಲ್ಲಿ 4 ಕಳುಹಿಸಿದರೆ ಮತ್ತೆ ಪರದೆಗೆ ಬರುತ್ತದೆ. ಪುಟ್ಟಿಯ ಟರ್ಮಿನಲ್ ವಿಭಾಗದಲ್ಲಿ ಯಾವ ಪ್ರಿಂಟರ್ ಎಂಬುದನ್ನು ಆರಿಸಿಟ್ಟರಾಯಿತು. ಮುದ್ರಣ ಮುಗಿಸುವ ಸಂಕೇತವನ್ನು ಪ್ರೋಗ್ರಾಂ ಬರೆದವರು ಮರೆತಿದ್ದರೆ ಪರದೆಯು ಸತ್ತಂತೆ ನಿಲ್ಲುತ್ತದೆ, ಪ್ರಿಂಟರ್ ಮಾತ್ರ ಕೆಲಸ ಮಾಡುತ್ತಿರುತ್ತದೆ. ಇದನ್ನು ಜಾಲದ ದೋಷವೆಂದು ಭಾವಿಸಿ ತಂತಿ ಬದಲಾಯಿಸಿದರೆ ಖರ್ಚಷ್ಟೇ. ಇನ್ನೊಂದು ಅಂಶ: ಪುಟ್ಟಿಯು ಅಕ್ಷರಗಳನ್ನು ಇದ್ದಂತೆಯೇ ಪ್ರಿಂಟರಿಗೆ ಕಳುಹಿಸುತ್ತದೆ. ಡಾಟ್ ಮ್ಯಾಟ್ರಿಕ್ಸ್‌ಗೆ ಇದು ಒಗ್ಗುತ್ತದೆ. ವಿಂಡೋಸ್ ನೆರವಿಲ್ಲದೆ ಅಚ್ಚು ಮಾಡಲಾರದ ಅಗ್ಗದ ಪ್ರಿಂಟರುಗಳಿಗೆ ಒಗ್ಗುವುದಿಲ್ಲ.

ಎಲ್ಲ ಕೆಲಸಕ್ಕೂ ಇದು ಮದ್ದಲ್ಲ. ಟ್ಯಾಲಿಯಂತಹ ಚಿತ್ರಪರದೆಯ ತಂತ್ರಾಂಶಕ್ಕೆ ಎಮ್ಯುಲೇಟರ್ ಸಲ್ಲದು, ಅದಕ್ಕೆ ರಿಮೋಟ್ ಡೆಸ್ಕ್‌ಟಾಪ್ ಬೇಕು. ಯುನಿಕ್ಸ್ ಅಥವಾ ಲಿನಕ್ಸ್‌ಗೆಂದೇ ಬರೆದ ಅಕ್ಷರಪರದೆಯ ಪ್ರೋಗ್ರಾಂಗಳು ನೇರವಾಗಿ ಹೊಂದುತ್ತವೆ. ಡಾಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನ ಡಾಸ್‌ಎಮು ಮೂಲಕ ನಡೆಸಲು ಸಾಧ್ಯವಿದೆಯಾದರೂ, ಎರಡು ಮೂರು ಹರಾಜಿನ ಲೆಕ್ಕವನ್ನು ಹಳೆಯದರ ಜೊತೆಗಿಟ್ಟು ತಾಳೆ ನೋಡದೆ ನಂಬತಕ್ಕದ್ದಲ್ಲ. ಇ-ವೇ ಬಿಲ್ಲು, ಜಿ.ಎಸ್.ಟಿ. ಮತ್ತು ಮಾರುಕಟ್ಟೆಯ ಇ-ಟೆಂಡರ್ ಕೆಲಸಕ್ಕೆ ಬ್ರೌಸರ್ ಬೇಕೇ ಬೇಕು. ಗುಮಾಸ್ತರ ಮೇಜಿನಲ್ಲಿ ಬರಿಯ ಟರ್ಮಿನಲ್ ಬದಲು ಕಂಪ್ಯೂಟರನ್ನೇ ಇಡುವ ಲಾಭ ಇದೇ: ಒಂದು ಕಿಟಕಿಯಲ್ಲಿ ಲೆಕ್ಕ, ಇನ್ನೊಂದರಲ್ಲಿ ಬ್ರೌಸರ್. ಮೂಲಯಂತ್ರ ಕೆಟ್ಟರೆ ಮೂರೂ ಮೇಜುಗಳು ಏಕಕಾಲಕ್ಕೆ ನಿಲ್ಲುತ್ತವೆ ಎಂಬುದೂ ನಿಜ. ಅದರಲ್ಲಿ ಜೋಡಿ ಡಿಸ್ಕ್ ಇರಲಿ, ಪ್ರತಿ ಸಂಜೆಯ ಪ್ರತಿಯೊಂದು ಅಂಗಡಿಯ ಹೊರಗೂ ಇರಲಿ.

ಕನ್ನಡದ ವಿಷಯದಲ್ಲಿ ಈ ವಿಧಾನ ಇನ್ನೂ ಹಿಂದುಳಿದಿದೆ. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಟರ್ಮಿನಲ್‌ಗಳು ಒಂದು ಕಾಲದಲ್ಲಿ ಭಾರತೀಯ ಲಿಪಿಗಳನ್ನು ಪರದೆಗೆ ತಂದಿದ್ದವು. ಇಂದಿನ ಪುಟ್ಟಿಯು ಯುನಿಕೋಡ್ ಅಕ್ಷರಗಳನ್ನು ಸ್ವೀಕರಿಸಿದರೂ, ಒಂದೊಂದು ಅಕ್ಷರಕ್ಕೆ ಒಂದೊಂದು ಚೌಕವೆಂಬ ಅದರ ಲೆಕ್ಕದಲ್ಲಿ ನಮ್ಮ ಒತ್ತಕ್ಷರ, ಗುಣಿತಗಳು ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಪರದೆಯ ಮೇಲೆ ರೈತರ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿದ್ದರೆ ಗುಮಾಸ್ತರಿಗೆ ತೊಂದರೆಯಿಲ್ಲ. ಆದರೆ ರೈತರ ಕೈಗೆ ಹೋಗುವ ಪಟ್ಟಿ ಕನ್ನಡದಲ್ಲಿರಬೇಕು. ಅದಕ್ಕಾಗಿ ರೈತರ ಹೆಸರು, ಊರುಗಳನ್ನು ಒಮ್ಮೆ ಕನ್ನಡದಲ್ಲಿಯೂ ದಾಖಲಿಸಿಟ್ಟುಕೊಂಡು, ಮೂಲಯಂತ್ರದಲ್ಲಿಯೇ ಪಿ.ಡಿ.ಎಫ್. ಪುಟವಾಗಿ ಪಟ್ಟಿ ತಯಾರಿಸಿ, ಜಾಲಕ್ಕೆ ಜೋಡಿಸಿದ ಲೇಸರ್ ಪ್ರಿಂಟರಿಗೆ ಕಳುಹಿಸುವ ವ್ಯವಸ್ಥೆಯನ್ನು ಪ್ರೋಗ್ರಾಂ ಬರೆಯುವವರಿಂದ ಮೊದಲೇ ಕೇಳಿ ಮಾಡಿಸಿಕೊಳ್ಳಬೇಕು. ಪ್ರೋಗ್ರಾಂ ಸಿದ್ಧವಾದ ಮೇಲೆ ಕೇಳಿದರೆ ಅದಕ್ಕೆ ಬೇರೆ ದರ ಹೇಳುತ್ತಾರೆ.