ಹಳದಿಯೋ ನೀಲಿಯೋ? – ಓದುವ ಕೊಠಡಿಯ ವರ್ಣವಿಚಾರ

‘ವರ್ಣ’ವೆಂಬ ಶಬ್ದಕ್ಕೆ ಬಣ್ಣವೆಂದೂ ಅಕ್ಷರವೆಂದೂ ಎರಡರ್ಥಗಳುಂಟು. ಓದುವ ಕೊಠಡಿಯಲ್ಲಿ ಈ ಎರಡು ವರ್ಣಗಳೂ ಸಂಧಿಸುತ್ತವೆ. ಗೋಡೆಯ ವರ್ಣವು ಪುಸ್ತಕದ ವರ್ಣಕ್ಕೆ ನೆರವಾಗಬೇಕು. ಆದುದರಿಂದ ಅದರ ಆಯ್ಕೆ ಕೇವಲ ಅಲಂಕಾರದ ಮಾತಲ್ಲ. ಪರಸ್ಪರ ವಿರುದ್ಧಗುಣವುಳ್ಳ ತಿಳಿಹಳದಿ ಹಾಗೂ ನೀಲಿಗಳನ್ನು ಇಲ್ಲಿ ಪರಿಶೀಲಿಸಬಹುದು.

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಅದ್ಭುತರಸಕ್ಕೆ ಪೀತವರ್ಣವನ್ನೂ ಬೀಭತ್ಸಕ್ಕೆ ನೀಲವರ್ಣವನ್ನೂ ವಿಧಿಸಿದ್ದಾನೆ. ಜರ್ಮನಿಯ ಕವಿ ಗಯಟೆಯು 1810ರಲ್ಲಿ ಪ್ರಕಟಿಸಿದ ವರ್ಣಗ್ರಂಥದಲ್ಲಿ ಹಳದಿಯು ಬೆಳಕಿಗೆ ಸಮೀಪವಾದುದು, ಬೆಚ್ಚನೆಯ ಭಾವವನ್ನು ಕೊಡುವಂಥದು. ನೀಲಿಯು ಕತ್ತಲೆಗೆ ಸಮೀಪವಾದುದು, ತಂಪಿನ ಭಾವವನ್ನು ಕೊಡುವಂಥದು ಎಂದಿದ್ದಾನೆ. ಆದರೆ ಇವು ಭಾವದ ಮಾತುಗಳು. ಒಳಗೋಡೆಗೆ ನೀಲಿ ಬಳಿದ ಮಾತ್ರಕ್ಕೆ ಕೊಠಡಿಯ ಸೆಕೆ ತಗ್ಗುವುದಿಲ್ಲ. ಅದಕ್ಕೆ ಬಿಸಿಲು ಬೀಳುವ ತಾರಸಿಗೂ ಹೊರಗೋಡೆಗೂ ಬಿಳುಪು ಬಳಿಯುವುದೇ ಉಪಾಯ.

ನಿಜವಾದ ನಿರ್ಣಾಯಕ ಅಂಶವೆಂದರೆ ಕಿಟಕಿಯ ದಿಕ್ಕು. ನಮ್ಮ ನಾಡಿನಲ್ಲಿ ಉತ್ತರದ ಕಿಟಕಿಗೆ ವರ್ಷದ ಬಹುಭಾಗ ನೇರ ಬಿಸಿಲು ಬಾರದು. ಬರುವುದು ಆಕಾಶದ ನೀಲಿಛಾಯೆಯ ಬೆಳಕು. ಅಲ್ಲಿ ನೀಲಿಗೋಡೆ ಮಂಕಾಗುತ್ತದೆ. ಹೆಚ್ಚು ಬೆಳಕನ್ನು ಪ್ರತಿಫಲಿಸುವ ತಿಳಿಹಳದಿಯು ಆ ಕೊರತೆಯನ್ನು ತುಂಬುತ್ತದೆ. ಪಶ್ಚಿಮದ ಕಿಟಕಿಯಲ್ಲಿ ಇಳಿಹೊತ್ತಿನ ಹೊಂಬಿಸಿಲು ನುಗ್ಗುವುದರಿಂದ ಅಲ್ಲಿ ಹಳದಿಯು ಕಣ್ಣು ಕುಕ್ಕುತ್ತದೆ; ತಿಳಿನೀಲಿಯೇ ಹಿತ. ವಯಸ್ಸಾದಂತೆ ಕಣ್ಣಿನ ಮಸೂರವು ಹಳದಿಗಟ್ಟಿ ನೀಲಬೆಳಕನ್ನು ತಡೆಯುವುದರಿಂದ, ಹಿರಿಯರಿಗೆ ನೀಲಿಕೊಠಡಿಯು ಇನ್ನಷ್ಟು ಮಬ್ಬಾಗಿ ಕಾಣುವುದುಂಟು.

ಸುಣ್ಣದಲ್ಲಿ ಬಣ್ಣ ಬೆರೆಸುವವರು ಇನ್ನೊಂದನ್ನು ತಿಳಿದಿರಬೇಕು. ಸುಣ್ಣವು ಕ್ಷಾರ, ಪ್ರಷ್ಯನ್ ನೀಲಿಯು ಅದರಲ್ಲಿ ಕೆಟ್ಟು ಕಂದುತ್ತದೆ, ಅಲ್ಟ್ರಾಮರೀನ್ ನೀಲಿಯು ಬಾಳುತ್ತದೆ. ಹಳದಿಗಾದರೆ ಕಬ್ಬಿಣದಂಶವುಳ್ಳ ಹಳದಿಮಣ್ಣು ಸ್ಥಿರವಾದುದು. ಹಸಿಯಾಗಿರುವಾಗ ಗಾಢವಾಗಿ ಕಂಡ ಸುಣ್ಣದ ಬಣ್ಣವು ಒಣಗಿದ ಮೇಲೆ ತಿಳಿಯಾಗುತ್ತದೆ.

ಅಂಗಡಿಯ ಮಾದರಿಚೀಟಿಯನ್ನು ನಂಬಿ ನಿರ್ಣಯಿಸುವುದು ಉಚಿತವಲ್ಲ. ನಾಲ್ಕು ಗೋಡೆಗಳು ಒಂದರ ಬಣ್ಣವನ್ನು ಮತ್ತೊಂದರ ಮೇಲೆ ಚೆಲ್ಲುವುದರಿಂದ, ಚೀಟಿಯಲ್ಲಿ ಸೌಮ್ಯವಾದುದು ಕೊಠಡಿಯಲ್ಲಿ ಉಗ್ರವಾಗುತ್ತದೆ. ಎದುರುಬದುರಿನ ಗೋಡೆಗಳಲ್ಲಿ ಎರಡೆರಡು ಅಡಿ ಚೌಕದಷ್ಟು ಬಳಿದು, ಒಣಗಿದ ಬಳಿಕ ಬೆಳಗ್ಗೆ, ಮಧ್ಯಾಹ್ನ, ರಾತ್ರಿಯ ದೀಪದಲ್ಲಿ ನೋಡಬೇಕು. ಬಯಸಿದ್ದಕ್ಕಿಂತ ಒಂದು ಛಾಯೆ ತಿಳಿಯಾದುದನ್ನು ಆರಿಸಬೇಕು.

ಬಾಗಿಲಲ್ಲಿ ನಿಂತು ಮೆಚ್ಚುವ ಅತಿಥಿಯ ಕಣ್ಣು ಇಲ್ಲಿ ಪ್ರಮಾಣವಲ್ಲ. ಕಿಟಕಿಯಿಂದ ದೂರದ ಮೂಲೆಯಲ್ಲಿ ಕುಳಿತ ಬಾಲಕನಿಗೆ ಸಣ್ಣ ಅಕ್ಷರವು ಆಯಾಸವಿಲ್ಲದೆ ಕಂಡರೆ, ಆ ಗೋಡೆಗೆ ಮಾಡಿದ ವೆಚ್ಚ ಸಾರ್ಥಕ.