ಪ್ರಿಂಟ್ ಮಂಕಾದರೆ ಮೊದಲು ಡ್ರಮ್ ನೋಡಿ

ಪ್ರಿಂಟ್ ಮಂಕಾದಾಗ ಕನ್ನಡ ಪುಟಕ್ಕೆ ಬೀಳುವ ಪೆಟ್ಟು ದೊಡ್ಡದು. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಬುಡದ ಒಂದು ಪುಟ್ಟ ಗೀಟು. ‘ಫ’, ‘ಭ’ಗಳದೂ ಅದೇ ಪಾಡು. ಸಣ್ಣ ಅಕ್ಷರದಲ್ಲಿ ಟೋನರ್ ಪುಡಿ ತೆಳುವಾದಾಗ ಮೊದಲು ಮಾಯವಾಗುವುದು ಈ ಗೀಟು, ಆಮೇಲೆ ಒತ್ತಕ್ಷರ. ಕ್ರಯಪತ್ರದಲ್ಲೋ ವಂಶವೃಕ್ಷದಲ್ಲೋ ಹೆಸರಿನ ಅಕ್ಷರ ಹೀಗೆ ಅಳಿಸಿಹೋದರೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಾದವರು ಕಾಗದ ಬರೆಸಿದವರು. ಮಂಕು ಮುದ್ರಣವನ್ನು ಬರೀ ಅಂದಚೆಂದದ ಪ್ರಶ್ನೆ ಎಂದು ನಾನು ಭಾವಿಸದಿರುವುದು ಇದಕ್ಕೇ.

ನಮ್ಮ ಊರುಗಳ ಜೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರ್, ವಕೀಲರ ಕೊಠಡಿಗಳಲ್ಲಿ ಇಂದಿಗೂ ದುಡಿಯುತ್ತಿರುವ ಹಳೆಯ ಯಂತ್ರಗಳೆಂದರೆ ಕ್ಯಾನನ್ ಎಲ್‌ಬಿಪಿ 2900 ಮತ್ತು ಎಚ್‌ಪಿ ಲೇಸರ್‌ಜೆಟ್ 1020. ಹೆಸರು ಬೇರೆಯಾದರೂ ಒಳಗಿನ ಯಂತ್ರ ಹೆಚ್ಚುಕಡಿಮೆ ಒಂದೇ. ಒಂದರ ಕಾಟ್ರಿಜ್ 303, ಇನ್ನೊಂದರದು 12ಎ. ಪುಟದ ಶೇ 5ರಷ್ಟು ಜಾಗದಲ್ಲಿ ಮಾತ್ರ ಅಚ್ಚಿದೆ ಎಂಬ ಲೆಕ್ಕದಲ್ಲಿ 2000 ಪುಟ ಬರಬೇಕು. ಪ್ರಿಂಟ್ ಮಂಕಾದೊಡನೆ ‘ಟೋನರ್ ಮುಗಿದಿದೆ, ರೀಫಿಲ್ ಮಾಡಿಸಿ’ ಎನ್ನುತ್ತಾರೆ. ಎಷ್ಟೋ ಸಲ ಆ ಮಾತು ನಿಜವೇ. ಆದರೆ ರೀಫಿಲ್ ಆದಮೇಲೂ ಮಂಕು ಹೋಗದಿದ್ದರೆ ಹೊಸ ಕಾಟ್ರಿಜ್, ಅದಕ್ಕೂ ಬಗ್ಗದಿದ್ದರೆ ಪ್ರಿಂಟರೇ ಗುಜರಿಗೆ! ದೋಷ ಎಲ್ಲಿದೆಯೆಂದು ನೋಡದೆ ಹೀಗೆ ದುಡ್ಡು ಸುರಿಯುವುದನ್ನು ನಾನು ಒಪ್ಪಲಾರೆ. ನೋಡುವ ದಾರಿ ಇದೆ, ಅದಕ್ಕೆ ಒಂದು ಪೈಸೆ ಖರ್ಚೂ ಇಲ್ಲ.

ಆ ದಾರಿ ತಿಳಿಯಬೇಕಾದರೆ 1938ರ ಅಕ್ಟೋಬರ್ 22ಕ್ಕೆ ಹೋಗಬೇಕು. ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ ಚೆಸ್ಟರ್ ಕಾರ್ಲ್‌ಸನ್ ಮತ್ತು ಅವರ ಸಹಾಯಕ ಒಟ್ಟೊ ಕೊರ್ನೈ, ಗಂಧಕ ಲೇಪಿಸಿದ ಸತುವಿನ ತಗಡನ್ನು ಬಟ್ಟೆಯಿಂದ ಉಜ್ಜಿ ವಿದ್ಯುದಾವೇಶ ತುಂಬಿದರು. ಆ ದಿನದ ತಾರೀಖು, ಊರಿನ ಹೆಸರು ಬರೆದ ಗಾಜಿನ ಮೂಲಕ ಬೆಳಕು ಬಿಟ್ಟರು. ನುಣ್ಣನೆಯ ಪುಡಿ ಉದುರಿಸಿದರು. ತಗಡಿಗೆ ಅಂಟಿದ ಪುಡಿಯನ್ನು ಮೇಣದ ಕಾಗದಕ್ಕೆ ಒತ್ತಿ, ಬಿಸಿ ಮಾಡಿದರು. ನಮ್ಮ ಹಳೆಯ ಪ್ರಿಂಟರ್ ಕೂಡ ಪ್ರತಿ ಪುಟಕ್ಕೂ ಮಾಡುವುದು ಇದನ್ನೇ: ಆವೇಶ, ಬೆಳಕು, ಪುಡಿ, ವರ್ಗಾವಣೆ, ಶಾಖ. ತಗಡಿನ ಜಾಗದಲ್ಲಿ ಡ್ರಮ್ ಬಂದಿದೆ. ದೀಪದ ಜಾಗಕ್ಕೆ ಲೇಸರ್ ತಂದವರು ಜೆರಾಕ್ಸ್ ಕಂಪನಿಯ ಗ್ಯಾರಿ ಸ್ಟಾರ್ಕ್‌ವೆದರ್. ಮಂಕು ಈ ಸರಪಳಿಯ ಯಾವ ಕೊಂಡಿಯಲ್ಲಿ ಹುಟ್ಟಿತು ಎಂಬುದಷ್ಟೇ ನಾವು ಹುಡುಕಬೇಕಾದದ್ದು.

ದಪ್ಪ ಕಪ್ಪು ಗೆರೆಗಳಿರುವ ಒಂದು ಪುಟ ಪ್ರಿಂಟ್ ಕೊಡಿ. ಕಾಗದ ಅರ್ಧ ಒಳಗೆ ಹೋದಾಗ ಮುಚ್ಚಳ ತೆರೆಯಿರಿ. ಯಂತ್ರ ಅಲ್ಲೇ ನಿಲ್ಲುತ್ತದೆ. ಕಾಟ್ರಿಜ್ ಹೊರತೆಗೆದು, ಡ್ರಮ್ಮಿನ ಶಟರ್ ಸರಿಸಿ ನೋಡಿ. ಕಾಗದಕ್ಕಿನ್ನೂ ಇಳಿಯದ ಗೆರೆಗಳು ಡ್ರಮ್ ಮೇಲೆ ಪುಡಿಯ ರೂಪದಲ್ಲೇ ಕಾಣುತ್ತವೆ. ಬೇಗ ನೋಡಿ ಮುಚ್ಚಿಬಿಡಿ. ಹೆಚ್ಚು ಹೊತ್ತು ಬೆಳಕು ಬಿದ್ದರೆ ಡ್ರಮ್ ಕೆಡುತ್ತದೆ, ಬೆರಳಂತೂ ತಾಗಲೇಬಾರದು.

ಡ್ರಮ್ ಮೇಲಿನ ಗೆರೆ ಗಾಢವಾಗಿದ್ದು ಕಾಗದದ ಮೇಲೆ ಮಾತ್ರ ಮಂಕಾಗಿದ್ದರೆ ಟೋನರಿನ ತಪ್ಪಿಲ್ಲ. ಪುಡಿ ಕಾಗದಕ್ಕೆ ಇಳಿಯುತ್ತಿಲ್ಲ, ಅಷ್ಟೆ. ಕಾಟ್ರಿಜ್ಜಿನ ಕೆಳಗೆ ಕೂರುವ ಕಪ್ಪು ಸ್ಪಂಜಿನ ಟ್ರಾನ್ಸ್‌ಫರ್ ರೋಲರ್ ಸವೆದಿರಬಹುದು, ಅಥವಾ ಅದಕ್ಕೆ ವಿದ್ಯುತ್ ಮುಟ್ಟಿಸುವ ತುದಿಯಲ್ಲಿ ಪುಡಿ ಕಟ್ಟಿಕೊಂಡಿರಬಹುದು. ಮಳೆಗಾಲವಾದರೆ ಮೊದಲು ಕಾಗದವನ್ನು ಅನುಮಾನಿಸಿ. ಆಗುಂಬೆ, ಮಡಿಕೇರಿಯ ಕಡೆ ಜುಲೈ ತಿಂಗಳಲ್ಲಿ ಬಿಚ್ಚಿಟ್ಟ ಕಾಗದದ ಕಟ್ಟು ತೇವ ಹೀರುತ್ತದೆ. ತೇವದ ಕಾಗದದಲ್ಲಿ ಆವೇಶ ಸೋರಿಹೋಗಿ ಪುಡಿ ಅರೆಬರೆ ಅಂಟುತ್ತದೆ. ಹೊಸ ಕಟ್ಟು ಬಿಚ್ಚಿ ಹಾಕಿದರೆ ಕೆಲವೊಮ್ಮೆ ಕಾಯಿಲೆ ಅಲ್ಲಿಗೇ ವಾಸಿ.

ಡ್ರಮ್ ಮೇಲೂ ಗೆರೆ ಮಂಕಾಗಿದ್ದರೆ ಮೊದಲು ಕಂಪ್ಯೂಟರಿನಲ್ಲಿ ಟೋನರ್ ಉಳಿಸುವ ಆಯ್ಕೆ ಆನ್ ಆಗಿದೆಯೇ, ಡೆನ್ಸಿಟಿ ಕೆಳಗಿಳಿದಿದೆಯೇ ಎಂದು ನೋಡಿ. ಕ್ರಯಪತ್ರ, ಅರ್ಜಿಗಳನ್ನು ಆ ಉಳಿತಾಯದಲ್ಲಿ ಅಚ್ಚು ಮಾಡಲೇಬಾರದು. ಪುಟದ ಒಂದು ಬದಿ ಮಾತ್ರ ತೆಳುವಾಗಿದ್ದರೆ ಪುಡಿ ಒಂದೆಡೆ ಸರಿದಿರುತ್ತದೆ. ಕಾಟ್ರಿಜ್ಜನ್ನು ಅಡ್ಡ ಹಿಡಿದು ಮೊರದಲ್ಲಿ ಅಕ್ಕಿ ಕೇರುವ ಹಾಗೆ ಮೆಲ್ಲಗೆ ತೂಗಿದರೆ ಸಮವಾಗುತ್ತದೆ.

ಈಗಷ್ಟೇ ರೀಫಿಲ್ ಮಾಡಿಸಿದ್ದಾದರೆ ಎರಡು ಸಂಗತಿ ವಿಚಾರಿಸಿ. ಈ ಕಾಟ್ರಿಜ್ಜಿನ ಪುಡಿ ಕಾಂತಗುಣದ್ದು. ಬೇರೆ ಮಾದರಿಯ ಪುಡಿ ತುಂಬಿದರೆ ಮ್ಯಾಗ್ನೆಟಿಕ್ ರೋಲರ್ ಅದನ್ನು ಸರಿಯಾಗಿ ಹಿಡಿಯದು. ಇನ್ನೊಂದು, ವೇಸ್ಟ್ ಪೆಟ್ಟಿಗೆಯಲ್ಲಿ ಸೇರಿದ ಪುಡಿಯನ್ನೇ ಮತ್ತೆ ತುಂಬುವ ಅಭ್ಯಾಸ. ಕಾಗದದ ದೂಳು ಬೆರೆತ ಆ ಪುಡಿಗೆ ಆವೇಶ ಸರಿಯಾಗಿ ನಿಲ್ಲುವುದಿಲ್ಲ, ಅಕ್ಷರ ಬೂದುಬೂದು. ಇದು ಉಳಿತಾಯವಲ್ಲ, ಗಿರಾಕಿಗೆ ಮಾಡುವ ಮೋಸ. ಪುಡಿ ಚೆಲ್ಲಿದರೆ ಒಣಬಟ್ಟೆಯಿಂದ ಒರೆಸಿ, ಕೈಯನ್ನು ತಣ್ಣೀರಿನಲ್ಲಿ ತೊಳೆಯಿರಿ. ಅದು ಶಾಖಕ್ಕೆ ಕರಗುವ ಪ್ಲಾಸ್ಟಿಕ್, ಬಿಸಿನೀರು ಸಲ್ಲದು.

ಪಕ್ಕದ ಅಂಗಡಿಯಿಂದ ಅದೇ ಮಾದರಿಯ ಒಂದು ಕಾಟ್ರಿಜ್ ಕೇಳಿ ತಂದು ಹಾಕಿ ನೋಡುವುದು ಎಲ್ಲಕ್ಕಿಂತ ಸಲೀಸು. ಮಂಕು ಹೋದರೆ ದೋಷ ನಿಮ್ಮ ಕಾಟ್ರಿಜ್ಜಿನದು. ಮ್ಯಾಗ್ನೆಟಿಕ್ ರೋಲರಿನ ಲೇಪ ಸವೆದಿರಬಹುದು, ಅದನ್ನಷ್ಟೇ ಬದಲಿಸಬಹುದು. ಮಂಕು ಹಾಗೇ ಉಳಿದರೆ, ಅದರಲ್ಲೂ ಮೇಲಿಂದ ಕೆಳಗೆ ಒಂದೇ ಜಾಗದಲ್ಲಿ ತೆಳು ಪಟ್ಟಿ ಕಂಡರೆ, ಲೇಸರ್ ಘಟಕದ ಕನ್ನಡಿಗೆ ದೂಳು ಹಿಡಿದಿದೆ ಎಂದೇ ತಿಳಿಯಿರಿ. ಹಳ್ಳಿ ರಸ್ತೆಯ ಅಂಗಡಿಗಳಲ್ಲಿ ವರ್ಷಗಟ್ಟಲೆ ಓಡಿದ ಯಂತ್ರಕ್ಕೆ ಇದು ಬರುವ ರೋಗವೇ. ಬೆಳಕು ದೂಳಿಗೆ ತಡೆದು ಡ್ರಮ್ ಮೇಲೆ ಅರೆಮನಸ್ಸಿನಿಂದ ಬರೆಯುತ್ತದೆ, ಬರೆದಷ್ಟೇ ಜಾಗಕ್ಕೆ ಪುಡಿ ಅಂಟುತ್ತದೆ. ಈ ಕೆಲಸ ಮಾತ್ರ ಬಲ್ಲ ಮೆಕ್ಯಾನಿಕ್ ಕೈಗೇ ಹೋಗಲಿ. ಲೇಸರ್ ಕಣ್ಣಿಗೆ ಕಾಣದು, ಕಣ್ಣನ್ನು ಕೆಡಿಸಬಲ್ಲದು. ಪ್ಲಗ್ ಕಿತ್ತ ಮೇಲಷ್ಟೇ ಆ ಡಬ್ಬಿ ತೆರೆಯಬೇಕು. ಕನ್ನಡಿಯನ್ನು ಮೆತ್ತನೆಯ ಒಣಬಟ್ಟೆಯಿಂದ, ಒತ್ತದೆ, ಒರೆಸಬೇಕು. ಲೇಸರೇ ಸೋತಿದ್ದರೆ, ಗುಜರಿಗೆ ಬಂದ ಅದೇ ಮಾದರಿಯ ಯಂತ್ರದಿಂದ ಬಿಚ್ಚಿದ ಘಟಕವನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಬಹುದು.