ದಡದ ಮೀನುಗಾರಿಕೆಯೂ ವನ್ಯಜೀವಿಗಳ ಸಾಮೀಪ್ಯವೂ

ಹೈದರಾಬಾದ್ ಮತ್ತು ಸಿಕಂದರಾಬಾದ್ ಅವಳಿ ನಗರಗಳಿಗೆ ಕುಡಿಯುವ ನೀರನ್ನು ಒದಗಿಸುವ ಮೂಲಗಳಲ್ಲಿ ಮಂಜೀರಾ ನದಿಯೂ ಒಂದು. 1965ರಿಂದ ಈ ನದಿಯ ನೀರು ನಗರಕ್ಕೆ ಹರಿದುಬರುತ್ತಿದೆ. ಬಾಲಾಘಾಟ್ ಬೆಟ್ಟಗಳಲ್ಲಿ ಹುಟ್ಟುವ ಮಂಜೀರಾ, ಬೀದರ್ ಜಿಲ್ಲೆಯ ಹೊಲಗಳ ನಡುವೆ ಹಾದು ತೆಲಂಗಾಣವನ್ನು ಪ್ರವೇಶಿಸಿ ಕೊನೆಗೆ ಗೋದಾವರಿಯನ್ನು ಸೇರುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವು. ಆ ಭಾಗದಿಂದ ಬಂದು ಸಿಕಂದರಾಬಾದಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಮಂಜೀರಾ ಹೊಸ ನದಿಯಲ್ಲ. ರಜೆಯ ದಿನ ಗಾಳದ ಕೋಲು ಹಿಡಿದು ಸಂಗಾರೆಡ್ಡಿಯ ಕಡೆಗೆ ಹೊರಡುವವರಲ್ಲಿ ಅವರೂ ಇದ್ದಾರೆ. ಊರಿಗೆ ಹೋದಾಗ ಕೃಷ್ಣೆಯ ದಡದಲ್ಲಿ ಗಾಳ ಹಾಕುವವರೂ ಇದ್ದಾರೆ.

ಈ ಎರಡೂ ನದಿಗಳಲ್ಲಿ ಮೊಸಳೆಗಳಿವೆ. ಸಿಂಗೂರು ಅಣೆಕಟ್ಟಿನಿಂದ ಕಲಬ್ಗೂರಿನ ಬಳಿಯ ಮಂಜೀರಾ ಬ್ಯಾರೇಜಿನವರೆಗಿನ ನದೀಭಾಗವು 1978ರಿಂದ ವನ್ಯಜೀವಿ ಧಾಮವಾಗಿದೆ. ಅದನ್ನು ಸ್ಥಾಪಿಸಿದ ಮುಖ್ಯ ಉದ್ದೇಶವೇ ಮೊಸಳೆಗಳ ರಕ್ಷಣೆ. ಆದುದರಿಂದ ಇಲ್ಲಿಯ ದಡದಲ್ಲಿ ಮೊಸಳೆ ಕಾಣಿಸಿಕೊಂಡರೆ ಅದು ಎಲ್ಲಿಂದಲೋ ದಾರಿ ತಪ್ಪಿ ಬಂದುದೆಂದು ಭಾವಿಸುವುದು ಸರಿಯಲ್ಲ. ಅದು ತನ್ನ ಮನೆಯಲ್ಲಿಯೇ ಇದೆ.

ಮೊಸಳೆಗಳು ಮರಳಿ ಬಂದ ಬಗೆ

ಚರ್ಮದ ವ್ಯಾಪಾರಕ್ಕಾಗಿ ನಡೆದ ಎಡೆಬಿಡದ ಬೇಟೆಯಿಂದ 1970ರ ಸುಮಾರಿಗೆ ನಮ್ಮ ದೇಶದ ಮೊಸಳೆಗಳು ಅಳಿವಿನ ಅಂಚನ್ನು ತಲುಪಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವು ಅವುಗಳಿಗೆ ಕಾನೂನಿನ ರಕ್ಷಣೆ ನೀಡಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ನೆರವಿನೊಂದಿಗೆ 1975ರಲ್ಲಿ ಮೊಸಳೆ ಸಂರಕ್ಷಣಾ ಯೋಜನೆ ಆರಂಭವಾಯಿತು. ಕಾಡಿನ ಗೂಡುಗಳಿಂದ ಮೊಟ್ಟೆಗಳನ್ನು ತಂದು ಮರಿ ಮಾಡಿಸಿ, ಅವು ಸುಮಾರು 1.2 ಮೀಟರ್ ಉದ್ದ ಬೆಳೆದ ಮೇಲೆ ನದಿ, ಜಲಾಶಯಗಳಿಗೆ ಬಿಡುವುದು ಈ ಯೋಜನೆಯ ಕ್ರಮವಾಗಿತ್ತು. ಈ ಕಾರ್ಯಕ್ಕೆ ಬೇಕಾದ ಸಿಬ್ಬಂದಿಯನ್ನು ತರಬೇತುಗೊಳಿಸಲು ಕೇಂದ್ರ ಸರ್ಕಾರವು ಸ್ಥಾಪಿಸಿದ ಸಂಸ್ಥೆ ಹೈದರಾಬಾದಿನಲ್ಲಿಯೇ ಇತ್ತೆಂಬುದನ್ನು ಇಲ್ಲಿ ಸ್ಮರಿಸಬಹುದು. ಯೋಜನೆ ಫಲ ಕೊಟ್ಟಿತು. ಒಂದು ತಲೆಮಾರಿನ ಜನ ಮೊಸಳೆಯಿಲ್ಲದ ನದಿಗೆ ಒಗ್ಗಿಹೋಗಿದ್ದರು. ಅವರ ಮಕ್ಕಳು ಮೊಸಳೆಯಿರುವ ನದಿಯ ದಡದಲ್ಲಿ ಕುಳಿತುಕೊಳ್ಳುವ ಕ್ರಮವನ್ನು ಹೊಸದಾಗಿ ಕಲಿಯಬೇಕಾಗಿದೆ.

ಮಂಜೀರಾ, ಕೃಷ್ಣಾ, ಕಾವೇರಿ, ಕಾಳಿ ನದಿಗಳಲ್ಲಿ ಕಂಡುಬರುವುದು ಅಗಲ ಮೂತಿಯ ಸಿಹಿನೀರಿನ ಮೊಸಳೆ. ಬೆಳೆದ ಪ್ರಾಣಿಯು ಸಾಮಾನ್ಯವಾಗಿ 3ರಿಂದ 4 ಮೀಟರ್ ಉದ್ದವಿರುತ್ತದೆ. ಅದರ ಮುಖ್ಯ ಆಹಾರ ಮೀನು. ಮನುಷ್ಯನನ್ನು ಅರಸಿಕೊಂಡು ಬರುವ ಸ್ವಭಾವ ಅದಕ್ಕಿಲ್ಲ. ಹೀಗಿದ್ದರೂ ದಡದಲ್ಲಿ ಅವಘಡಗಳು ನಡೆಯುತ್ತವೆ.

2021ರ ಅಕ್ಟೋಬರಿನಲ್ಲಿ ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿಯಲ್ಲಿ, ಕಾಳಿ ನದಿಯ ದಡದಲ್ಲಿ ಗಾಳ ಹಾಕಿ ಕುಳಿತಿದ್ದ ಬಾಲಕನೊಬ್ಬನನ್ನು ಮೊಸಳೆ ಎಳೆದುಕೊಂಡು ಹೋಯಿತು. ಬಾಲಕ ಈಜಲು ಇಳಿದಿರಲಿಲ್ಲ, ದೋಣಿಯಲ್ಲಿಯೂ ಇರಲಿಲ್ಲ. ಊರಿನ ಪಕ್ಕದಲ್ಲಿಯೇ ಹರಿಯುವ ನದಿಯ ಅಂಚಿನಲ್ಲಿ ಕುಳಿತಿದ್ದನು, ಅಷ್ಟೆ. ಮೊಸಳೆಯ ಅಪಾಯವು ನೀರಿಗೆ ಇಳಿದವನಿಗೆ ಮಾತ್ರ ಎಂಬ ನಂಬಿಕೆ ಎಷ್ಟು ದುರ್ಬಲವೆಂಬುದಕ್ಕೆ ಈ ಒಂದು ಘಟನೆ ಸಾಕು.

ನೀರಿನ ಅಂಚೆಂಬ ಬೇಟೆಯ ಜಾಗ

ಮೊಸಳೆ ಓಡಿ ಬೇಟೆಯಾಡುವ ಪ್ರಾಣಿಯಲ್ಲ. ಹೊಂಚುಹಾಕಿ ಕಾಯುವ ಪ್ರಾಣಿ. ಅದರ ಕಣ್ಣು, ಕಿವಿ ಮತ್ತು ಮೂಗಿನ ಹೊಳ್ಳೆಗಳು ತಲೆಯ ಮೇಲ್ಭಾಗದಲ್ಲಿರುವುದರಿಂದ, ದೇಹವೆಲ್ಲ ಮುಳುಗಿದ್ದರೂ ಅದು ನೋಡಬಲ್ಲದು, ಉಸಿರಾಡಬಲ್ಲದು. ಪೂರ್ಣವಾಗಿ ಮುಳುಗಿ ಬಹಳ ಹೊತ್ತು ಇರಲೂ ಬಲ್ಲದು. ಮಳೆಗಾಲದ ಕದಡಿದ ನೀರಿನಲ್ಲಿ ಒಂದು ಮೊಳ ಆಳದಲ್ಲಿರುವ ಮೊಸಳೆಯೂ ಕಣ್ಣಿಗೆ ಬೀಳುವುದಿಲ್ಲ. ನೀರಿನ ಅಂಚಿಗೆ ಬಂದು ಬಾಗಿದ ಪ್ರಾಣಿಯ ಮೇಲೆ ಒಮ್ಮೆಲೇ ಎರಗುವುದು ಅದರ ರೀತಿ. ಗಾಳ ಹಾಕುವವನು ಮಾಡುವುದೂ ಇದನ್ನೇ. ಅವನು ಅಂಚಿನಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು, ಅಲುಗಾಡದೆ, ಬೆಂಡಿನ ಮೇಲೆ ದೃಷ್ಟಿಯಿಟ್ಟು ಮೈಮರೆತಿರುತ್ತಾನೆ. ಕುಳಿತ ಮನುಷ್ಯ ನಿಂತ ಮನುಷ್ಯನಿಗಿಂತ ಗಾತ್ರದಲ್ಲಿ ಚಿಕ್ಕವನಾಗಿ ಕಾಣುತ್ತಾನೆ; ಮಕ್ಕಳಂತೂ ಇನ್ನೂ ಚಿಕ್ಕವರು.

ಆದುದರಿಂದ ಮೊದಲನೆಯ ರಕ್ಷಣೆ ದೂರ. ಇಲ್ಲಿಯವಕ್ಕಿಂತ ದೊಡ್ಡದೂ ಉಗ್ರವೂ ಆದ ಮೊಸಳೆಗಳಿರುವ ಉತ್ತರ ಆಸ್ಟ್ರೇಲಿಯದಲ್ಲಿ, ಗಾಳ ಹಾಕುವವರು ನೀರಿನ ಅಂಚಿನಿಂದ ಕನಿಷ್ಠ 5 ಮೀಟರ್ ಹಿಂದೆ ಇರಬೇಕೆಂದು ಅಲ್ಲಿಯ ಸರ್ಕಾರಗಳು ಸಾರುತ್ತವೆ. ಈ ಅಳತೆಯನ್ನು ನಮ್ಮ ನದಿಗಳ ದಡದಲ್ಲಿಯೂ ಪಾಲಿಸುವುದರಿಂದ ನಷ್ಟವೇನೂ ಇಲ್ಲ. 5 ಮೀಟರ್ ಎಂದರೆ ಸುಮಾರು ಏಳು ಹೆಜ್ಜೆ. ಉದ್ದನೆಯ ಕೋಲಿದ್ದರೆ ಅಷ್ಟು ಹಿಂದೆ ನಿಂತೂ ಗಾಳವನ್ನು ನೀರಿಗೆ ಎಸೆಯಬಹುದು. ಕಡಿದಾದ ಎತ್ತರದ ದಡವು ತಗ್ಗಾದ ಮರಳು ದಂಡೆಗಿಂತ ಸುರಕ್ಷಿತ; ಆದರೆ ಅಂತಹ ದಡಗಳಲ್ಲಿಯೇ ಮೊಸಳೆಗಳು ಬಿಲ ತೋಡುವುದರಿಂದ, ನೀರಿನ ಮಟ್ಟದಲ್ಲಿ ದೊಡ್ಡ ಬಿಲದ ಬಾಯಿ ಕಂಡರೆ ಅಲ್ಲಿ ನಿಲ್ಲಬಾರದು. ನೀರಿನ ಮೇಲೆ ಚಾಚಿದ ಕೊಂಬೆ, ಅರ್ಧ ಮುಳುಗಿದ ಬಂಡೆ, ಬಟ್ಟೆ ಒಗೆಯುವ ಕಲ್ಲು ಇವು ಕುಳಿತುಕೊಳ್ಳಲು ಅನುಕೂಲವೆನಿಸಿದರೂ ತಕ್ಕ ಜಾಗಗಳಲ್ಲ.

ಎರಡನೆಯದಾಗಿ, ಅಭ್ಯಾಸ. ಮನುಷ್ಯರು ಮತ್ತು ದನಕರುಗಳು ಯಾವ ಜಾಗಕ್ಕೆ, ಯಾವ ಹೊತ್ತಿಗೆ ಬರುತ್ತಾರೆಂಬುದನ್ನು ಮೊಸಳೆ ಗಮನಿಸಿ ಕಲಿಯುತ್ತದೆ. ಪ್ರತಿ ಭಾನುವಾರ ಅದೇ ಕಲ್ಲಿನ ಮೇಲೆ, ಅದೇ ಸಂಜೆಯಲ್ಲಿ ಕುಳಿತುಕೊಳ್ಳುವವನು ತನಗರಿವಿಲ್ಲದಂತೆ ಅದಕ್ಕೆ ಪಾಠ ಹೇಳಿಕೊಡುತ್ತಿರುತ್ತಾನೆ. ಮೀನು ಚೆನ್ನಾಗಿ ಸಿಕ್ಕ ಜಾಗವನ್ನು ಬಿಟ್ಟು ಹೋಗಲು ಯಾರಿಗೂ ಮನಸ್ಸಾಗುವುದಿಲ್ಲ, ನಿಜ. ಆದರೂ ಜಾಗವನ್ನು ಬದಲಿಸುತ್ತಿರಬೇಕು. ಮುಸ್ಸಂಜೆ ಮತ್ತು ರಾತ್ರಿಯ ಹೊತ್ತಿನಲ್ಲಿ ಮೊಸಳೆ ಹೆಚ್ಚು ಚುರುಕಾಗಿರುವುದರಿಂದ ಬೆಳಕಿರುವಾಗಲೇ ಗಾಳವನ್ನು ಸುತ್ತಿಕೊಂಡು ಹೊರಡುವುದು ಕ್ಷೇಮ.

ಹಿಡಿದ ಮೀನಿನ ವಿಲೇವಾರಿಯಲ್ಲಿ ನಡೆಯುವ ಅಜಾಗರೂಕತೆ ಎಲ್ಲಕ್ಕಿಂತ ದೊಡ್ಡದು. ಮೀನನ್ನು ದಡದಲ್ಲಿಯೇ ಸೀಳಿ, ಕರುಳು ಮತ್ತು ಹುರುಪೆಗಳನ್ನು ನೀರಿಗೆ ಎಸೆಯುವುದು ಬಹುತೇಕರ ರೂಢಿ. ಉಳಿದ ಎರೆಯನ್ನೂ ಅಲ್ಲಿಯೇ ಚೆಲ್ಲುತ್ತಾರೆ. ಹಿಡಿದ ಮೀನುಗಳನ್ನು ದಾರಕ್ಕೆ ಪೋಣಿಸಿ ಕಾಲ ಬಳಿಯ ನೀರಿನಲ್ಲಿ ಇಳಿಬಿಡುವವರೂ ಇದ್ದಾರೆ. ಇವೆಲ್ಲವೂ ಮೊಸಳೆಗೆ ಆಹ್ವಾನ. ಅನಾಯಾಸವಾಗಿ ಆಹಾರ ದೊರೆತ ಜಾಗಕ್ಕೆ ಅದು ಮತ್ತೆ ಬರುತ್ತದೆ, ಮತ್ತು ಮರುದಿನ ಅಲ್ಲಿರುವವರು ಬೇರೆ ಯಾರೋ ಆಗಿರಬಹುದು: ನೀರು ತರಲು ಬಂದ ಹೆಂಗಸು, ಎಮ್ಮೆ ತೊಳೆಯಲು ಬಂದ ಹುಡುಗ. ಕೋಳಿ ಮತ್ತು ಮಾಂಸದ ಅಂಗಡಿಗಳ ಕಸವನ್ನು ನದಿಗೆ ಸುರಿಯುವ ಊರುಗಳಿಗೂ ಈ ಮಾತು ಅನ್ವಯಿಸುತ್ತದೆ. ಮೀನನ್ನು ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ಮನೆಗೆ ತಂದು ಶುಚಿಗೊಳಿಸುವುದೇ ಯೋಗ್ಯ ಕ್ರಮ.

ಗಾಳವು ನೀರೊಳಗಿನ ಬೇರಿಗೋ ಕಲ್ಲಿಗೋ ಸಿಕ್ಕಿಕೊಂಡಾಗ ಮೊಣಕಾಲುದ್ದ ನೀರಿಗೆ ಇಳಿದು ಬಿಡಿಸಿಕೊಳ್ಳುವುದು ಇನ್ನೊಂದು ತಪ್ಪು. ದಾರವನ್ನು ಕತ್ತರಿಸಿಬಿಡಬೇಕು. ಗಾಳದ ಬೆಲೆ ಕೆಲವೇ ರೂಪಾಯಿ. ದೊಡ್ಡ ಮೀನು ಸಿಕ್ಕಾಗಲೂ ಹೀಗೆಯೇ. ಅದನ್ನು ಹಿಡಿಯಲು ನೀರಿನತ್ತ ಬಾಗದೆ, ಹಿಂದಕ್ಕೆ ನಡೆಯುತ್ತ ದಡಕ್ಕೆ ಎಳೆದುಕೊಳ್ಳಬೇಕು. ಒದ್ದಾಡುವ ಮೀನು ನೀರನ್ನು ಕಲಕುವಾಗ ಹತ್ತಿರದಲ್ಲಿರುವ ಮೊಸಳೆಯ ಗಮನ ಆ ಕಡೆಗೇ ಹರಿಯುತ್ತದೆ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೆಣ್ಣು ಮೊಸಳೆಗಳು ದಡದ ಮರಳಿನಲ್ಲಿ ಗುಂಡಿ ತೋಡಿ ಮೊಟ್ಟೆಯಿಡುತ್ತವೆ. ಸುಮಾರು ಎರಡು ತಿಂಗಳ ನಂತರ, ಮಳೆಗಾಲಕ್ಕೆ ಮುನ್ನ, ಮರಿಗಳು ಹೊರಬರುತ್ತವೆ. ಬೇರೆ ಕಾಲದಲ್ಲಿ ಮನುಷ್ಯನ ಸದ್ದಿಗೆ ನೀರಿಗೆ ಜಾರಿಹೋಗುವ ಪ್ರಾಣಿ, ಈ ಕಾಲದಲ್ಲಿ ಗೂಡನ್ನೂ ಮರಿಗಳನ್ನೂ ಕಾಯಲು ಎದುರು ನಿಲ್ಲುತ್ತದೆ. ಬೇಸಿಗೆಯಲ್ಲಿ ನೀರು ಕುಗ್ಗಿ ಉಳಿದ ಮಡುಗಳಲ್ಲಿ ಮೀನೂ ಮೊಸಳೆಯೂ ಒಟ್ಟಿಗೆ ಸೇರಿರುತ್ತವೆ. ಮೀನು ಸುಲಭವಾಗಿ ಸಿಗುವ ಕಾಲವೂ ಅದೇ, ಎಚ್ಚರಿಕೆ ಹೆಚ್ಚು ಬೇಕಾದ ಕಾಲವೂ ಅದೇ.

ಮೊಸಳೆ ಹಿಡಿದಾಗ ಸುಮ್ಮನಿರದೆ ಶಕ್ತಿಯಿದ್ದಷ್ಟು ಹೋರಾಡಬೇಕು. ಅದರ ಕಣ್ಣು ಮತ್ತು ಮೂತಿಯ ತುದಿಗೆ ಹೊಡೆಯಬೇಕು. ಜೊತೆಯಲ್ಲಿದ್ದವರು ನೀರಿಗೆ ಹಾರದೆ ದಡದಿಂದಲೇ ಕೋಲು, ಕಲ್ಲುಗಳಿಂದ ನೆರವಾಗಬೇಕು. ಗಜೇಂದ್ರಮೋಕ್ಷದ ಕಥೆ ಕೇಳಿ ಬೆಳೆದ ನಮಗೆ, ನೀರಿನಲ್ಲಿ ಮೊಸಳೆಗೆ ಆನೆಯೂ ಸರಿಸಾಟಿಯಲ್ಲವೆಂಬುದು ತಿಳಿದ ವಿಷಯವೇ. ಗಾಯ ಚಿಕ್ಕದೆಂದು ತೋರಿದರೂ ಶುದ್ಧ ನೀರಿನಿಂದ ತೊಳೆದು ಆಸ್ಪತ್ರೆಗೆ ಹೋಗಬೇಕು. ಮೊಸಳೆ ಕಚ್ಚಿದ ಗಾಯ ಬೇಗ ನಂಜಾಗುತ್ತದೆ.

ವನ್ಯಜೀವಿ ಧಾಮದೊಳಗೆ ಅನುಮತಿಯಿಲ್ಲದೆ ಪ್ರವೇಶಿಸುವುದೂ ಮೀನು ಹಿಡಿಯುವುದೂ ಅಪರಾಧ. ಆದರೆ ಮೊಸಳೆಗೆ ಧಾಮದ ಗಡಿ ತಿಳಿಯದು. 2023ರ ಸೆಪ್ಟೆಂಬರಿನಲ್ಲಿ ಭಾರಿ ಮಳೆಯ ನಂತರ ಹೈದರಾಬಾದ್ ನಗರದ ನಡುವೆಯೇ, ಚಿಂತಲ್ ಬಸ್ತಿಯ ನಾಲೆಯಲ್ಲಿ ಮೊಸಳೆ ಮರಿಯೊಂದು ಕಾಣಿಸಿಕೊಂಡಿತ್ತು. ಇಂತಹ ಸಂದರ್ಭದಲ್ಲಿ ಅದನ್ನು ಹಿಡಿಯಲು ಅಥವಾ ಕೊಲ್ಲಲು ಯತ್ನಿಸದೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಕಾಲ ಬಳಿಯ ಅಪಾಯ

ಮೊಸಳೆಯ ಭಯ ದೊಡ್ಡದು. ಆದರೆ ಲೆಕ್ಕ ನೋಡಿದರೆ ಹಾವಿನಿಂದ ಸಾಯುವವರ ಸಂಖ್ಯೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನರು, ಎಂದರೆ ವರ್ಷಕ್ಕೆ ಸರಾಸರಿ 58,000 ಜನರು, ಹಾವು ಕಡಿದು ಮೃತಪಟ್ಟರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಈ ಸಾವುಗಳಲ್ಲಿ ಸುಮಾರು ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಸಂಭವಿಸಿದವು. ಕೇಂದ್ರ ಸರ್ಕಾರವು 2024ರಲ್ಲಿ ಹಾವು ಕಡಿತದ ನಿಯಂತ್ರಣಕ್ಕೆ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು ಪ್ರಕಟಿಸಿ, 2030ರ ವೇಳೆಗೆ ಈ ಸಾವುಗಳನ್ನು ಅರ್ಧಕ್ಕೆ ಇಳಿಸುವ ಗುರಿಯನ್ನಿಟ್ಟುಕೊಂಡಿದೆ.

ನೀರಿನಲ್ಲಿ ತಲೆಯೆತ್ತಿ ಈಜುವ, ಬಲೆಯಲ್ಲಿ ಸಿಕ್ಕಿಬೀಳುವ ನೀರುಹಾವನ್ನು ಕಂಡು ಜನ ಬೆಚ್ಚುತ್ತಾರೆ. ಅದು ಕೋಪಿಷ್ಠವಾದರೂ ಅದರಿಂದ ಪ್ರಾಣಾಪಾಯವಿಲ್ಲ. ಅಂಜಬೇಕಾದುದು ನೆಲದ ಮೇಲಿನ ಹಾವುಗಳಿಗೆ. ಗದ್ದೆಗಳ ಇಲಿಯನ್ನರಸಿ ಬದು ಮತ್ತು ದಡದ ಹುಲ್ಲಿನಲ್ಲಿ ಸುಳಿದಾಡುವ ಕೊಳಕುಮಂಡಲ ಹಾಗೂ ನಾಗರಹಾವು, ಒಣ ಕಲ್ಲುನೆಲದ ಗರಗಸ ಮಂಡಲ, ರಾತ್ರಿ ಸಂಚರಿಸುವ ಕಟ್ಟುಹಾವು, ಈ ನಾಲ್ಕೂ ದಖ್ಖನ್ ಪ್ರದೇಶದಲ್ಲಿವೆ. ಗಾಳ ಹಾಕಲು ಹೊರಟವನು ಎರೆಹುಳುವಿಗಾಗಿ ಕಲ್ಲು ಮಗುಚುತ್ತಾನೆ, ಬರಿಗಾಲಿನಲ್ಲಿ ಜೊಂಡಿನ ನಡುವೆ ನಡೆಯುತ್ತಾನೆ, ಕತ್ತಲಾದ ಮೇಲೆ ಅದೇ ದಾರಿಯಲ್ಲಿ ಹಿಂದಿರುಗುತ್ತಾನೆ. ಕಣಕಾಲನ್ನು ಮುಚ್ಚುವ ಬೂಟು, ಕೈಯಲ್ಲೊಂದು ಕೋಲು, ಒಂದು ಟಾರ್ಚು, ಇವಿಷ್ಟಿದ್ದರೆ ಬಹುಪಾಲು ಕಡಿತಗಳು ತಪ್ಪುತ್ತವೆ. ಕಲ್ಲನ್ನು ಕೈಯಿಂದ ಎತ್ತದೆ ಕೋಲಿನಿಂದ ಸರಿಸಬೇಕು.

ಮೀನಿನಲ್ಲಿಯೂ ಒಂದು ಎಚ್ಚರಿಕೆಯುಂಟು. ಕೆರೆಯ ಕೆಸರಿನಲ್ಲಿ ಸಿಗುವ ಚೇಳುಮೀನಿನ ಪಕ್ಕದ ರೆಕ್ಕೆಗಳಲ್ಲಿ ವಿಷದ ಮುಳ್ಳುಗಳಿವೆ. ಗಾಳದಿಂದ ಬಿಡಿಸುವಾಗ ಬರಿಗೈಯಲ್ಲಿ ಹಿಡಿಯದೆ ದಪ್ಪ ಬಟ್ಟೆ ಬಳಸಬೇಕು. ಮುಳ್ಳು ಚುಚ್ಚಿದರೆ, ತಾಳಿಕೊಳ್ಳಬಹುದಾದಷ್ಟು ಬಿಸಿ ನೀರಿನಲ್ಲಿ ಕೈಯನ್ನು ಇಟ್ಟರೆ ನೋವು ಇಳಿಯುತ್ತದೆ.

ಹಾವು ಕಡಿದಾಗ ಕಟ್ಟು ಬಿಗಿಯುವುದು, ಗಾಯವನ್ನು ಕೊಯ್ಯುವುದು, ಬಾಯಿಯಿಂದ ಹೀರುವುದು, ಬೇರು ಸೊಪ್ಪು ಹಚ್ಚುವುದು ಎಲ್ಲವೂ ಹಾನಿಕರ. ಕಡಿದ ಹಾವನ್ನು ಹುಡುಕಿ ಕೊಂದು ಆಸ್ಪತ್ರೆಗೆ ತರುವ ಅಗತ್ಯವೂ ಇಲ್ಲ. ಮೇಲೆ ಹೇಳಿದ ನಾಲ್ಕೂ ಹಾವುಗಳ ವಿಷಕ್ಕೆ ಒಂದೇ ಔಷಧವಿದೆ. ಉಂಗುರ, ಗಡಿಯಾರ, ಕಾಲುಂಗುರಗಳನ್ನು ಬಾವು ಬರುವ ಮೊದಲೇ ತೆಗೆದುಬಿಡಬೇಕು. ಕಡಿದ ಅಂಗವನ್ನು ಮುರಿದ ಮೂಳೆಗೆ ಮಾಡುವಂತೆ ಪಟ್ಟಿಯಿಟ್ಟು ಅಲುಗದಂತೆ ಮಾಡಿ, ರೋಗಿಯನ್ನು ನಡೆಸದೆ ಹೊತ್ತು ತರಬೇಕು. 108ಕ್ಕೆ ಕರೆ ಮಾಡಿದರೆ ತುರ್ತು ವಾಹನ ದೊರೆಯುತ್ತದೆ.

ಇಲ್ಲಿ ನಗರವಾಸಿಗಳು ಮಾಡುವ ತಪ್ಪೊಂದಿದೆ. ಸಿಂಗೂರಿನ ದಡದಲ್ಲಿ ಹಾವು ಕಡಿದವನನ್ನು ಗಾಡಿಯಲ್ಲಿ ಹಾಕಿಕೊಂಡು, ಪರಿಚಯದ ವೈದ್ಯರಿದ್ದಾರೆಂದು ನೇರವಾಗಿ ಸಿಕಂದರಾಬಾದಿಗೆ ಧಾವಿಸುತ್ತಾರೆ. ದಾರಿಯಲ್ಲಿ ಸಂಗಾರೆಡ್ಡಿಯ ಸರ್ಕಾರಿ ಆಸ್ಪತ್ರೆಯನ್ನು ದಾಟಿಕೊಂಡೇ ಹೋಗುತ್ತಾರೆ. ಪ್ರತಿವಿಷದ ಚುಚ್ಚುಮದ್ದು ಇರುವ ಅತ್ಯಂತ ಸಮೀಪದ ಆಸ್ಪತ್ರೆಯೇ ಆ ಹೊತ್ತಿಗೆ ದೊಡ್ಡ ಆಸ್ಪತ್ರೆ. ದಡಕ್ಕೆ ಹೊರಡುವ ಮುನ್ನವೇ ಅದು ಎಲ್ಲಿದೆ, ಅಲ್ಲಿ ಚುಚ್ಚುಮದ್ದಿನ ದಾಸ್ತಾನಿದೆಯೇ ಎಂದು ವಿಚಾರಿಸಿಕೊಳ್ಳುವುದು ಗಾಳ, ಎರೆ ಹೊಂದಿಸಿಕೊಳ್ಳುವಷ್ಟೇ ಅಗತ್ಯವಾದ ಸಿದ್ಧತೆ. ಹೊರಡುವವರು ಎಲ್ಲಿಗೆ ಹೋಗುತ್ತಿದ್ದೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂಬುದನ್ನು ಮನೆಯಲ್ಲಿ ತಿಳಿಸಿರಬೇಕು, ಒಬ್ಬಂಟಿಯಾಗಿ ಹೋಗಬಾರದು.